ಕ್ಯಾನ್ಸರ್ ಚಿಕಿತ್ಸೆಗೆ ಮುನ್ನ ಹೃದಯದ ಲೆಕ್ಕ: ರೋಗಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಶ್ವಾಸಕೋಶ, ಯಕೃತ್ತು, ಹೊಟ್ಟೆ, ಎಲುಬು, ರಕ್ತ, ಎಲ್ಲಿ ಬೇಕಾದರೂ ಕ್ಯಾನ್ಸರ್ ಬರುತ್ತದೆ ಎಂದು ಕೇಳಿದ್ದೇವೆ. ಹೃದಯದ ಕ್ಯಾನ್ಸರ್ ಎಂಬ ಮಾತು ಮಾತ್ರ ಕಿವಿಗೆ ಬೀಳುವುದು ತೀರಾ ಅಪರೂಪ. ಹೃದಯದಲ್ಲೇ ಹುಟ್ಟುವ ಗಡ್ಡೆಗಳು ನಿಜಕ್ಕೂ ವಿರಳ, ಹುಟ್ಟಿದರೂ ಹೆಚ್ಚಿನವು ಮಿಕ್ಸೋಮಾದಂಥ, ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಕ್ಯಾನ್ಸರ್ ಎಂದರೆ ಲಂಗುಲಗಾಮಿಲ್ಲದ ಕೋಶವಿಭಜನೆ. ಹೃದಯದ ಸ್ನಾಯುಕೋಶಗಳೋ, ಹುಟ್ಟಿದ ಕೆಲವೇ ಕಾಲದಲ್ಲಿ ವಿಭಜನೆಯನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತವೆ. ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಕಾರ್ಬನ್-14 ಅನ್ನೇ ಗುರುತಾಗಿ ಹಿಡಿದು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಇದರ ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಹೃದಯಕೋಶಗಳು ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಶೇ. 0.45ಕ್ಕೆ ಇಳಿಯುತ್ತದೆ.

ಕ್ಯಾನ್ಸರಿನಿಂದ ಹೃದಯವನ್ನು ಕಾಯುವ ಈ ಗುಣವೇ ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ ಅದಕ್ಕೆ ಮುಳುವಾಗುತ್ತದೆ. ಕೀಮೋದಿಂದ ಉದುರಿದ ಕೂದಲು ಮತ್ತೆ ಬೆಳೆಯುತ್ತದೆ, ಕುಸಿದ ಬಿಳಿ ರಕ್ತಕಣಗಳು ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ, ಬಾಯಿಹುಣ್ಣು ಮಾಯುತ್ತದೆ. ಅಲ್ಲೆಲ್ಲ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಹೃದಯದಲ್ಲಿ ಸತ್ತ ಸ್ನಾಯುಕೋಶದ ಜಾಗ ತುಂಬಲು ಮಾತ್ರ ಬಹುತೇಕ ಯಾರೂ ಬರುವುದಿಲ್ಲ. ಆದ್ದರಿಂದ ತೊಂದರೆಯಾದರೆ ಆಮೇಲೆ ನೋಡೋಣ ಎಂಬ ಧೋರಣೆ ಇಲ್ಲಿ ನಡೆಯುವುದಿಲ್ಲ. ಚಿಕಿತ್ಸೆ ಆರಂಭವಾಗುವ ಮೊದಲೇ ಹೃದಯದ ಅಳತೆ ತೆಗೆಸಿಟ್ಟುಕೊಂಡು, ನಡುನಡುವೆ ಹೋಲಿಸಿ, ಇಳಿಕೆ ಸಣ್ಣದಾಗಿರುವಾಗಲೇ ಹಿಡಿಯಬೇಕು. ಈ ಲೇಖನ ಹೇಳುವುದು ಅದನ್ನು ಮಾಡುವ ಬಗೆಯನ್ನು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಹೆದರಿ ಕೀಮೋ ತಪ್ಪಿಸುವವರು ಇದ್ದರೆ, ಓದದಿರುವುದೇ ಮೇಲು. ಕೈಯಲ್ಲಿರುವ ಕ್ಯಾನ್ಸರ್ ಇವತ್ತಿನ ಅಪಾಯ. ಹೃದಯದ ಪೆಟ್ಟು ಹೆಚ್ಚಿನವರಿಗೆ ಬಾರದೇ ಇರಬಹುದಾದ, ಬಂದರೂ ಬಹಳಷ್ಟು ಸಲ ಔಷಧಿಗೆ ಬಗ್ಗುವ ಅಪಾಯ.

ಹೆಜ್ಜೆ 1: ನಿಮಗೆ ಕೊಡುವ ಔಷಧಿಯ ಹೆಸರು ತಿಳಿದುಕೊಳ್ಳಿ

“ಕೀಮೋ ಕೊಡುತ್ತಿದ್ದಾರೆ” ಎಂಬಲ್ಲಿಗೆ ನಮ್ಮ ಹೆಚ್ಚಿನ ಮನೆಗಳ ತಿಳಿವಳಿಕೆ ನಿಂತುಬಿಡುತ್ತದೆ. ಕೀಮೋ ಒಂದೇ ಔಷಧಿಯಲ್ಲ. ಕೆಲವಕ್ಕೆ ಹೃದಯದ ತಂಟೆಯೇ ಇಲ್ಲ, ಕೆಲವು ಹೃದಯದ ಸ್ನಾಯುವಿಗೆ ಹೊಡೆಯುತ್ತವೆ, ಕೆಲವು ರಕ್ತನಾಳವನ್ನು ಬಿಗಿ ಮಾಡುತ್ತವೆ, ಕೆಲವು ಬಡಿತದ ಲಯ ಕೆಡಿಸುತ್ತವೆ. ಹೆಸರು ಗೊತ್ತಿಲ್ಲದೆ ಯಾವುದಕ್ಕೆ ಕಾಯಬೇಕೆಂದು ತಿಳಿಯುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ತಿಳಿದಿರಬೇಕಾದದ್ದು ಡಾಕ್ಸೊರುಬಿಸಿನ್. ಅಡ್ರಿಯಾಮೈಸಿನ್ ಎಂದೂ ಕರೆಯುತ್ತಾರೆ. ಸ್ತನ ಕ್ಯಾನ್ಸರ್, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಎಲುಬಿನ ಕ್ಯಾನ್ಸರ್, ಮಕ್ಕಳ ಹಲವು ಕ್ಯಾನ್ಸರುಗಳಿಗೆ ದಶಕಗಳಿಂದ ಬಳಕೆಯಲ್ಲಿದೆ. ಗುರುತು ಹಿಡಿಯುವುದು ಸುಲಭ: ನರ್ಸ್ ತರುವ ಸಿರಿಂಜಿನಲ್ಲಿ ಕಡುಗೆಂಪು ದ್ರವ, ಅದು ಒಳಹೋದ ಮೇಲೆ ಒಂದೆರಡು ದಿನ ಮೂತ್ರವೂ ಕೆಂಪು. ಮೂತ್ರದ ಬಣ್ಣ ನೋಡಿ ರಕ್ತ ಹೋಗುತ್ತಿದೆ ಎಂದು ಗಾಬರಿಯಾಗುವವರಿದ್ದಾರೆ. ಗಾಬರಿ ಬೇಡ, ಅದು ಔಷಧಿಯ ಬಣ್ಣ. ಇಟಲಿಯ ಕ್ಯಾಸ್ಟೆಲ್ ಡೆಲ್ ಮಾಂಟೆ ಕೋಟೆಯ ಸುತ್ತಲಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಕೆಂಪು ವರ್ಣಕದಿಂದ ಈ ವಂಶದ ಔಷಧಿಗಳು ಬಂದವು. ಡೌನೊರುಬಿಸಿನ್, ಎಪಿರುಬಿಸಿನ್ ಇದೇ ಕುಟುಂಬದವು.

ಈ ಔಷಧಿಯ ವಿಶೇಷವೆಂದರೆ ಇದು ಲೆಕ್ಕ ಇಡುತ್ತದೆ. ಇವತ್ತು ಕೊಟ್ಟದ್ದು, ಮುಂದಿನ ತಿಂಗಳು ಕೊಡುವುದು, ಹತ್ತು ವರ್ಷದ ಹಿಂದೆ ಬೇರೆ ಊರಿನಲ್ಲಿ ಕೊಟ್ಟದ್ದು, ಎಲ್ಲವೂ ಹೃದಯದ ಖಾತೆಯಲ್ಲಿ ಕೂಡುತ್ತಲೇ ಹೋಗುತ್ತದೆ. ಮೂರು ಪ್ರಯೋಗಗಳ ರೋಗಿಗಳನ್ನು ಒಟ್ಟಿಗೆ ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಆದಾಗ ಹೃದಯ ವೈಫಲ್ಯದ ಪ್ರಮಾಣ ಶೇ. 5, 550ಕ್ಕೆ ಶೇ. 26, 700ಕ್ಕೆ ಶೇ. 48. ಏರಿಕೆ ನೇರ ಗೆರೆಯಲ್ಲಿಲ್ಲ, ಒಂದು ಮಟ್ಟದ ಮೇಲೆ ಕಡಿದಾಗುತ್ತದೆ. ಆದ್ದರಿಂದಲೇ ವೈದ್ಯರು ಒಂದು ಮಿತಿ ಹಾಕಿಕೊಂಡು ಅದರ ಒಳಗೇ ಇರಲು ನೋಡುತ್ತಾರೆ.

ನಿಮ್ಮ ಲೆಕ್ಕ ನೀವೇ ಮಾಡಬಹುದು. ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಒಂದು ಸೈಕಲ್‌ಗೆ ಚದರ ಮೀಟರಿಗೆ 60 ಮಿಲಿಗ್ರಾಂ, ನಾಲ್ಕು ಸೈಕಲ್‌ಗೆ 240. ಲಿಂಫೋಮಾದ ಪ್ರಚಲಿತ ಕ್ರಮದಲ್ಲಿ 50ರಂತೆ ಆರು ಸೈಕಲ್, ಒಟ್ಟು 300. ಡಿಸ್ಚಾರ್ಜ್ ಸಮ್ಮರಿಯಲ್ಲಿ “90 ಮಿಲಿಗ್ರಾಂ” ಎಂದಷ್ಟೇ ಇದ್ದರೆ ಅದು ಇಡೀ ದೇಹಕ್ಕೆ ಕೊಟ್ಟ ಪ್ರಮಾಣ, ಮೇಲ್ಮೈ 1.5 ಚದರ ಮೀಟರ್ ಇದ್ದವರಿಗೆ ಅದು 60ರ ಲೆಕ್ಕ. ಮೇಲ್ಮೈಯ ಅಂಕಿಯೂ ಸಾಮಾನ್ಯವಾಗಿ ಅದೇ ಹಾಳೆಯಲ್ಲಿ ಎತ್ತರ, ತೂಕದ ಪಕ್ಕದಲ್ಲಿ ಇರುತ್ತದೆ.

ಎರಡನೆಯ ಹೆಸರು ಟ್ರಾಸ್ಟುಜುಮಾಬ್. ಹರ್-2 ಪಾಸಿಟಿವ್, ಅಂದರೆ ಕೋಶಗಳ ಮೇಲೆ ಹರ್-2 ಎಂಬ ಪ್ರೋಟೀನ್ ಅತಿಯಾಗಿರುವ ಸ್ತನ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಬೆಂಗಳೂರಿನ ಬಯೋಕಾನ್ ಇದರ ಜೈವಿಕ ಪ್ರತಿರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಇದೂ ಹೃದಯದ ಪಂಪಿಂಗ್ ಶಕ್ತಿಯನ್ನು ತಗ್ಗಿಸಬಹುದು. ಆದರೆ ಡಾಕ್ಸೊರುಬಿಸಿನ್ ಕೋಶವನ್ನು ಕೊಂದರೆ, ಇದು ಹೆಚ್ಚಾಗಿ ಕೋಶವನ್ನು ಮಂಕಾಗಿಸುತ್ತದೆ ಅಷ್ಟೇ. ಸ್ವಲ್ಪ ಕಾಲ ನಿಲ್ಲಿಸಿ, ಹೃದಯದ ಮಾತ್ರೆ ಕೊಟ್ಟರೆ ಬಹುಪಾಲು ಜನರಲ್ಲಿ ಶಕ್ತಿ ಮರಳುತ್ತದೆ, ಅನೇಕರು ಬಿಟ್ಟಲ್ಲಿಂದ ಚಿಕಿತ್ಸೆ ಮುಂದುವರಿಸುತ್ತಾರೆ. ಎರಡನ್ನೂ ಒಟ್ಟಿಗೆ ಕೊಟ್ಟ ಆರಂಭದ ಪ್ರಯೋಗದಲ್ಲಿ ಶೇ. 27 ಮಂದಿಗೆ ಹೃದಯದ ತೊಂದರೆ ಕಾಣಿಸಿತು. ಆದ್ದರಿಂದ ಈಗ ಒಂದಾದ ಮೇಲೆ ಒಂದು ಕೊಡುವುದು ರೂಢಿ.

ಮೂರನೆಯದು ಕೆಪಿಸಿಟಾಬಿನ್ ಮಾತ್ರೆ ಮತ್ತು ಅದರ ಇಂಜೆಕ್ಷನ್ ರೂಪದಂತಿರುವ 5-ಎಫ್‌ಯು. ಕರುಳು, ಹೊಟ್ಟೆ, ಸ್ತನದ ಕ್ಯಾನ್ಸರಿನಲ್ಲಿ ಬಳಕೆ. ಕೆಲವರಲ್ಲಿ ಇವು ಹೃದಯಕ್ಕೆ ರಕ್ತ ಒಯ್ಯುವ ನಾಳವನ್ನು ಸೆಟೆಯುವಂತೆ ಮಾಡುತ್ತವೆ. ಅಡಚಣೆಯೇ ಇಲ್ಲದ ನಾಳದಲ್ಲೂ ಹೃದಯಾಘಾತದಂಥದೇ ನೋವು ಬರುತ್ತದೆ. ಮಾತ್ರೆಯನ್ನು ಮನೆಯಲ್ಲೇ ನುಂಗುವುದರಿಂದ ಇಲ್ಲಿ ಅಪಾಯ ಹೆಚ್ಚು. ಶುರುಮಾಡಿದ ಮೊದಲ ಕೆಲವು ದಿನಗಳಲ್ಲಿ ಎದೆ ಬಿಗಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವ ಕೆಲಸ ಬೇಡ. ಮುಂದಿನ ಮಾತ್ರೆ ನುಂಗದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಬೆವಾಸಿಜುಮಾಬ್, ಸುನಿಟಿನಿಬ್ ರಕ್ತದೊತ್ತಡ ಏರಿಸುತ್ತವೆ. ಇಬ್ರುಟಿನಿಬ್ ಬಡಿತದ ಲಯ ತಪ್ಪಿಸುತ್ತದೆ. ಲೆನಲಿಡೊಮೈಡ್, ಥಾಲಿಡೊಮೈಡ್‌ಗಳಿಂದ ರಕ್ತ ಹೆಪ್ಪುಗಟ್ಟುತ್ತದೆ. ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನ್ ಇಂಜೆಕ್ಷನ್‌ಗಳು ಸಕ್ಕರೆ, ಕೊಲೆಸ್ಟ್ರಾಲ್, ತೂಕ ಮೂರನ್ನೂ ಕೆಡಿಸಬಹುದು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ನಿವೊಲುಮಾಬ್, ಪೆಂಬ್ರೊಲಿಜುಮಾಬ್ ಥರದ ಇಮ್ಯುನೊಥೆರಪಿಯಲ್ಲಿ ಹೃದಯದ ಸ್ನಾಯುವಿನ ಉರಿಯೂತ ನೂರಕ್ಕೆ ಒಬ್ಬರಿಗೂ ಬರುವುದು ಕಷ್ಟ, ಆದರೆ ಬಂದರೆ ಪ್ರಾಣಾಂತಿಕ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ ಬರುತ್ತದೆ. ಏದುಸಿರಿನ ಜೊತೆಗೆ ರೆಪ್ಪೆ ಜೋತುಬೀಳುವುದು, ಒಂದು ವಸ್ತು ಎರಡಾಗಿ ಕಾಣುವುದು ಇದ್ದರೆ ಅದೇ ದಿನ ತೋರಿಸಿ.

ವೈದ್ಯರಲ್ಲಿ ಕೇಳಬೇಕಾದದ್ದು ಇಷ್ಟೇ: “ಡಾಕ್ಟರೇ, ಈ ಔಷಧಿಗೆ ಹೃದಯದ ಮೇಲೆ ಪರಿಣಾಮ ಇದೆಯೇ? ಇದ್ದರೆ ಯಾವ ಬಗೆಯದು? ಒಟ್ಟು ಎಷ್ಟು ಕೊಡುವ ಅಂದಾಜಿದೆ?” ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಪ್ರಶ್ನೆ ಮರೆತುಹೋಗುತ್ತದೆ, ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೆಜ್ಜೆ 2: ಮೊದಲ ಡೋಸ್‌ಗೆ ಮುನ್ನ ಅಳತೆ ತೆಗೆಸಿ

ಇಸಿಜಿ, ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್), ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್. ಅಪಾಯ ಹೆಚ್ಚಿದ್ದವರಿಗೆ ಟ್ರೊಪೋನಿನ್ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಎಂಬ ಎರಡು ರಕ್ತಪರೀಕ್ಷೆ. ಅಪಾಯ ಹೆಚ್ಚೆಂದರೆ ಯಾರಿಗೆ? 65 ದಾಟಿದವರು, ಬಿಪಿ ಅಥವಾ ಶುಗರ್ ಇರುವವರು, ಹಿಂದೆ ಹೃದಯಾಘಾತವಾದವರು, ಹಿಂದೊಮ್ಮೆ ಕೆಂಪು ಕೀಮೋ (ಡಾಕ್ಸೊರುಬಿಸಿನ್ ಕುಟುಂಬದ ಔಷಧಿ) ಪಡೆದವರು, ಎದೆಗೆ ರೇಡಿಯೇಶನ್ ಆದವರು, ಬೀಡಿ ಸಿಗರೇಟು ಬಿಡದವರು. ಯುರೋಪಿನ ಹೃದ್ರೋಗ ತಜ್ಞರ ಸಂಘ 2022ರಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದಾಗ ಒತ್ತಿ ಹೇಳಿದ್ದೂ ಇದನ್ನೇ: ಚಿಕಿತ್ಸೆಗೆ ಮುನ್ನವೇ ಅಪಾಯವನ್ನು ಅಂದಾಜು ಮಾಡಿ.

ಎಕೋ ವರದಿಯನ್ನು ಕೈಗೆ ತೆಗೆದುಕೊಂಡು ಒಮ್ಮೆ ನಿಧಾನವಾಗಿ ನೋಡಿ. ಕವಾಟಗಳ ಹೆಸರು, ಸೆಂಟಿಮೀಟರ್‌ಗಳ ಸಾಲು, ಕೊನೆಗೆ ತೀರ್ಮಾನ. ನಿಮಗೆ ಬೇಕಾದದ್ದು “ಎಲ್‌ವಿಇಎಫ್” ಅಥವಾ ಬರೀ “ಇಎಫ್” ಎಂಬುದರ ಎದುರಿನ ಅಂಕಿ. ಎಡಹೃತ್ಕುಕ್ಷಿಯಲ್ಲಿ ತುಂಬಿಕೊಂಡ ರಕ್ತದಲ್ಲಿ ಶೇ. ಎಷ್ಟನ್ನು ಒಂದು ಬಡಿತಕ್ಕೆ ಹೊರಗೆ ತಳ್ಳುತ್ತದೆ ಎಂಬ ಲೆಕ್ಕ ಅದು. ಆರೋಗ್ಯವಂತರಲ್ಲೂ ನೂರು ಇರುವುದಿಲ್ಲ. 55ರಿಂದ 70ರ ಆಸುಪಾಸು ಸಹಜ. “60 ಅಂದರೆ ಹೃದಯ ಶೇ. 40 ಹಾಳಾಗಿದೆ” ಎಂದು ಕಂಗಾಲಾಗುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಚಿಕಿತ್ಸೆಯ ನಡುವೆ ಈ ಅಂಕಿ 10 ಅಥವಾ ಹೆಚ್ಚು ಇಳಿದು 50ರ ಕೆಳಗೆ ಹೋದರೆ ಹೃದಯಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ. ಆದರೆ ಸಾಮಾನ್ಯ ಎಕೋದಲ್ಲಿ, ಬೇರೆ ಬೇರೆ ಕಡೆ, ಬೇರೆ ಬೇರೆಯವರು ಮಾಡಿದಾಗ ಅಷ್ಟೇ ವ್ಯತ್ಯಾಸ ಬರೀ ಅಳತೆಯಿಂದಲೂ ಬರಬಹುದು! ಆದ್ದರಿಂದ ಸಾಧ್ಯವಾದಷ್ಟೂ ಒಂದೇ ಕಡೆ, ಒಂದೇ ಯಂತ್ರದಲ್ಲಿ ಮಾಡಿಸಿ. ಹಳೆಯ ವರದಿಯನ್ನು ಮುಂದಿಟ್ಟು, ಹೋಲಿಸಿ ಹೇಳಿ ಎಂದು ಕೇಳಿ. ಕಣ್ಣಂದಾಜಿನಲ್ಲಿ ಬರೆದ “ಇಎಫ್ 60” ನಿಮ್ಮ ಉಪಯೋಗಕ್ಕೆ ಬಾರದು. ಅಳೆದು ಬರೆಯಲು ಕೋರಿಕೊಳ್ಳಿ.

ಸೌಲಭ್ಯ ಇರುವ ಕಡೆ “ಸ್ಟ್ರೇನ್” ಅಳತೆಯನ್ನೂ ಕೇಳಿ. ಸ್ನಾಯು ಉದ್ದುದ್ದಕ್ಕೆ ಎಷ್ಟು ಕುಗ್ಗುತ್ತದೆ ಎನ್ನುವ ಈ ಅಂಕಿಗೆ ಋಣ ಚಿಹ್ನೆ ಇರುತ್ತದೆ, ಉದಾಹರಣೆಗೆ −20. ಇಎಫ್ ಇನ್ನೂ ನೆಟ್ಟಗಿರುವಾಗಲೇ ಇದು ಇಳಿಯತೊಡಗುತ್ತದೆ. −20 ಇದ್ದದ್ದು −16 ಆದರೆ ಐದನೆಯ ಒಂದು ಪಾಲು ಕಳೆದಂತೆ, ಶೇ. 15ಕ್ಕಿಂತ ಹೆಚ್ಚು ಇಳಿದರೆ ವೈದ್ಯರು ಹೃದಯ ಕಾಯುವ ಮಾತ್ರೆ ಶುರುಮಾಡುವ ಯೋಚನೆ ಮಾಡುತ್ತಾರೆ. ಟ್ರಾಸ್ಟುಜುಮಾಬ್ ಪಡೆಯುವವರಿಗೆ ಮೂರು ತಿಂಗಳಿಗೊಮ್ಮೆ ಎಕೋ ಎಂಬುದು ಪ್ರಚಲಿತ ಕ್ರಮ. ಕೆಂಪು ಕೀಮೋದವರಿಗೆ ಚಿಕಿತ್ಸೆ ಮುಗಿದು ಒಂದು ವರ್ಷದೊಳಗೆ ಒಂದು ಎಕೋ ಆಗಲೇಬೇಕು. ಎಲ್ಲ ಮುಗಿಯಿತು ಎಂಬ ನಿರಾಳದಲ್ಲಿ ತಪ್ಪಿಹೋಗುವುದು ಇದೇ.

ಹೆಜ್ಜೆ 3: ಮೊದಲೇ ಹೃದ್ರೋಗ ಇದ್ದರೆ ಎರಡೂ ಕಡೆ ಹೇಳಿ

ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಹೊಸೂರು ರಸ್ತೆಯಲ್ಲಿದೆ, ಜಯದೇವ ಬನ್ನೇರುಘಟ್ಟ ರಸ್ತೆಯಲ್ಲಿದೆ. ನಡುವೆ ಕೆಲವೇ ಕಿಲೋಮೀಟರು. ಯಾವ ಊರಿನ ಯಾವ ಆಸ್ಪತ್ರೆಯಾದರೂ ಸರಿ, ಕ್ಯಾನ್ಸರ್ ವೈದ್ಯರಿಂದ ಹೃದಯದ ವೈದ್ಯರಿಗೆ ಫೈಲು ತಾನಾಗಿ ನಡೆದುಕೊಂಡು ಹೋಗುವುದಿಲ್ಲ. ಒಯ್ಯುವವರು ನೀವು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎರಡು ವಿಭಾಗಗಳ ನಡುವೆ ಓಡಾಡಬೇಕಾದಾಗ ರೆಫರಲ್ ಪತ್ರ ಯಾವುದಕ್ಕೆ ಬೇಕು ಎಂಬುದನ್ನು ಮೊದಲೇ ವಿಚಾರಿಸಿಕೊಂಡರೆ ಒಂದು ದಿನ ಉಳಿಯುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರು ಇನ್ನೂ ಹುಷಾರು. ಅವರು ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲರ್ ನುಂಗುತ್ತಿರುತ್ತಾರೆ. ಕ್ಯಾನ್ಸರಿನ ಶಸ್ತ್ರಚಿಕಿತ್ಸೆಗೆ ಮುನ್ನ “ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಿ” ಎಂದು ಯಾರಾದರೂ ಅಂದರೆ, ಎಷ್ಟು ದಿನಕ್ಕೆ ಮುನ್ನ, ಯಾವ ಮಾತ್ರೆ, ಮತ್ತೆ ಯಾವಾಗ ಶುರು ಎಂಬುದನ್ನು ಹೃದಯದ ವೈದ್ಯರ ಬಾಯಿಂದಲೇ ಕೇಳಿ ಬರೆಸಿಕೊಳ್ಳಿ. ಸ್ಟೆಂಟ್ ಹೊಸದಾಗಿದ್ದಾಗ ತಾವಾಗಿ ಮಾತ್ರೆ ಬಿಟ್ಟರೆ ಅದರೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಇನ್ನೊಂದು ಕಡೆಯಿಂದ, ಕೀಮೋದಲ್ಲಿ ಪ್ಲೇಟ್‌ಲೆಟ್ ಕುಸಿದಾಗ ಅವೇ ಮಾತ್ರೆಗಳಿಂದ ರಕ್ತಸ್ರಾವದ ಭಯ. ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗಿಳಿದ ವರದಿ ಕೈಗೆ ಬಂದರೆ ಅದೇ ದಿನ ಇಬ್ಬರು ವೈದ್ಯರಿಗೂ ಫೋನು ಹೋಗಬೇಕು.

ಎರಡು ರೋಗಗಳು ಔಷಧಿಯ ಕಪಾಟಿನಲ್ಲೂ ಅಕ್ಕಪಕ್ಕದಲ್ಲೇ ಇವೆ. ಈಗಿನ ಅನೇಕ ಸ್ಟೆಂಟುಗಳಿಗೆ ಲೇಪಿಸಿರುವ ಎವೆರೊಲಿಮಸ್, ಮೂತ್ರಪಿಂಡ ಮತ್ತು ಸ್ತನದ ಕ್ಯಾನ್ಸರಿನಲ್ಲಿ ಮಾತ್ರೆಯಾಗಿ ಕೊಡುವ ಔಷಧಿಯೂ ಹೌದು. ನಾಳದ ಗೋಡೆಯ ಸ್ನಾಯುಕೋಶಗಳು ಅತಿಯಾಗಿ ಬೆಳೆದು ಸ್ಟೆಂಟನ್ನು ಮುಚ್ಚದಿರಲಿ ಎಂದು ಅದನ್ನು ಅಲ್ಲಿ ಹಚ್ಚುತ್ತಾರೆ.

ಬಿಪಿ, ಕೊಲೆಸ್ಟ್ರಾಲ್ ಮಾತ್ರೆಗಳನ್ನು “ಈಗ ಕ್ಯಾನ್ಸರ್ ಬಂದಿದೆ, ಇನ್ನು ಇದೆಲ್ಲ ಯಾಕೆ” ಎಂದು ಬಿಡುವವರು ಬಹಳ. ಬಿಡಬೇಡಿ. ಹೃದಯಕ್ಕೆ ಆಸರೆ ಬೇಕಾದದ್ದೇ ಈಗ.

ಹೆಜ್ಜೆ 4: ಎದೆಗೆ ರೇಡಿಯೇಶನ್ ಇದ್ದರೆ ಉಸಿರಿನ ಬಗ್ಗೆ ಕೇಳಿ

ಎಡ ಸ್ತನದ ಹಿಂದೆಯೇ ಹೃದಯ. ಹೃದಯಕ್ಕೆ ತಗಲುವ ಸರಾಸರಿ ವಿಕಿರಣ ಒಂದು ಗ್ರೇ (ವಿಕಿರಣದ ಅಳತೆಯ ಮಾನ) ಹೆಚ್ಚಿದಂತೆ ಗಂಭೀರ ಹೃದ್ರೋಗದ ಸಾಧ್ಯತೆ ಶೇ. 7.4ರಷ್ಟು ಏರುತ್ತದೆ ಎಂದು 2013ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಇಷ್ಟರವರೆಗೆ ಸುರಕ್ಷಿತ ಎನ್ನುವ ಮಿತಿ ಅದರಲ್ಲಿ ಕಾಣಲಿಲ್ಲ, ಪರಿಣಾಮ ಮೊದಲ ಐದು ವರ್ಷಗಳಲ್ಲೇ ಆರಂಭವಾಗಿ ಇಪ್ಪತ್ತು ವರ್ಷ ದಾಟಿಯೂ ಮುಂದುವರಿದಿತ್ತು. ಆ ಅಧ್ಯಯನದಲ್ಲಿದ್ದವರು ಹಳೆಯ ಕಾಲದ ಯಂತ್ರಗಳಲ್ಲಿ ಚಿಕಿತ್ಸೆ ಪಡೆದವರು. ಈಗಿನ ವಿಧಾನದಲ್ಲಿ ಹೃದಯಕ್ಕೆ ತಗಲುವುದು ಬಹಳ ಕಡಿಮೆ.

ಇನ್ನೂ ಕಡಿಮೆ ಮಾಡಲು ಒಂದು ಸರಳ ಉಪಾಯವಿದೆ: ದೀರ್ಘವಾಗಿ ಉಸಿರೆಳೆದು ಹಿಡಿಯುವುದು. ಶ್ವಾಸಕೋಶ ತುಂಬಿದಾಗ ಎದೆಗೂಡು ಮೇಲೇಳುತ್ತದೆ, ಹೃದಯ ಹಿಂದಕ್ಕೂ ಕೆಳಕ್ಕೂ ಸರಿದು ಕಿರಣದ ದಾರಿಯಿಂದ ದೂರವಾಗುತ್ತದೆ. ಆ ಕ್ಷಣದಲ್ಲಷ್ಟೇ ಯಂತ್ರ ಕಿರಣ ಬಿಡುತ್ತದೆ. ಎಲ್ಲ ಕೇಂದ್ರಗಳಲ್ಲಿ ಇದು ಇರುವುದಿಲ್ಲ, ಎಲ್ಲರಿಗೂ ಅಗತ್ಯವೂ ಇರುವುದಿಲ್ಲ. ಪ್ಲಾನಿಂಗ್ ಸ್ಕ್ಯಾನಿಗೆ ಮುನ್ನ ಕೇಳಿದರೆ ತಪ್ಪೇನೂ ಇಲ್ಲ. ಇದೆ ಎಂದರೆ ಮನೆಯಲ್ಲಿ ದಿನಕ್ಕೆ ನಾಲ್ಕಾರು ಬಾರಿ ಇಪ್ಪತ್ತು ಸೆಕೆಂಡು ಉಸಿರು ಹಿಡಿದು ಅಭ್ಯಾಸ ಮಾಡಿಕೊಂಡು ಹೋಗಿ. ಪ್ರಾಣಾಯಾಮದ ರೂಢಿ ಇದ್ದವರಿಗೆ ಇದು ನೀರು ಕುಡಿದಷ್ಟು ಸುಲಭ.

ಹೆಜ್ಜೆ 5: ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ

ಹೃದಯ ವೈಫಲ್ಯದ ಮೊದಲ ಲಕ್ಷಣ ಸುಸ್ತು. ಕೀಮೋದ ಲಕ್ಷಣವೂ ಸುಸ್ತೇ. ತೊಡಕು ಇರುವುದು ಇಲ್ಲಿ: ರೋಗಿ, ಮನೆಯವರು, ಕೆಲವೊಮ್ಮೆ ವೈದ್ಯರೂ ಎಲ್ಲವನ್ನೂ ಕೀಮೋದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಬೇರ್ಪಡಿಸಲು ಅಂಕಿ ಬೇಕು.

ದಿನಾ ಬೆಳಿಗ್ಗೆ, ಶೌಚಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮುನ್ನ, ಅದೇ ತೂಕದ ಯಂತ್ರದಲ್ಲಿ ತೂಕ ನೋಡಿ ಬರೆಯಿರಿ. ಊಟವೇ ಸೇರದವರ ತೂಕ ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಸಂತೋಷಪಡಬೇಡಿ, ಅದು ಮೈಯಲ್ಲಿ ನಿಂತ ನೀರು. ಬಳಿಕ ಐದು ನಿಮಿಷ ಕುಳಿತು ಬಿಪಿ ಮತ್ತು ನಾಡಿ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮತ್ತೆ ಮತ್ತೆ ದಾಟುತ್ತಿದ್ದರೆ ಮುಂದಿನ ಭೇಟಿಯವರೆಗೆ ಕಾಯದೆ ತಿಳಿಸಿ.

ವಾರಕ್ಕೆ ಎರಡು ಸಲ ಕಾಲು ನೋಡಿ. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಬಿಡಿ. ಬೆರಳು ತೆಗೆದ ಮೇಲೂ ಗುಳಿ ಉಳಿದು, ನೋಡನೋಡುತ್ತ ನಿಧಾನಕ್ಕೆ ತುಂಬಿಕೊಂಡರೆ ಅದು ನೀರಿನ ಬಾವು. ಎರಡೂ ಕಾಲಿನಲ್ಲಿದ್ದರೆ ಹೃದಯ, ಮೂತ್ರಪಿಂಡ, ಪ್ರೋಟೀನ್ ಕೊರತೆ, ಹೀಗೆ ಹಲವು ಕಾರಣ ಇರಬಹುದು. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಿದ್ದರೆ ಅದು ಬೇರೆಯೇ ಕಥೆ: ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಕ್ಯಾನ್ಸರ್ ಇರುವವರಲ್ಲಿ ಇದು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಕ್ಯಾನ್ಸರಿಗೂ ಹೆಪ್ಪುಗಟ್ಟುವಿಕೆಗೂ ಇರುವ ನಂಟನ್ನು 1865ರಲ್ಲಿ ವಿವರಿಸಿದ ಫ್ರೆಂಚ್ ವೈದ್ಯ ಆರ್ಮಾಂಡ್ ಟ್ರೂಸೊ, ಎರಡು ವರ್ಷದ ನಂತರ ಅದೇ ಲಕ್ಷಣವನ್ನು ತನ್ನಲ್ಲೇ ಕಂಡ. 1867ರಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡ. ಕಾಲಿನ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಕುತ್ತು ಬರಬಹುದು.

ದಿಂಬಿನ ಲೆಕ್ಕವನ್ನೂ ಬರೆಯಿರಿ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಎರಡು, ಆಮೇಲೆ ಮೂರು ಇಟ್ಟುಕೊಳ್ಳತೊಡಗಿದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕಿಟಕಿಯ ಬಳಿ ಕೂರುತ್ತಿದ್ದರೆ, ಅದು ಕೀಮೋದ ಸುಸ್ತಲ್ಲ. ನಮ್ಮ ಮನೆಗಳ ಅಮ್ಮ, ಅಜ್ಜಿ, ಅತ್ತೆಯರು ಇದನ್ನು ಬಾಯಿಬಿಟ್ಟು ಹೇಳುವವರಲ್ಲ; “ನಿದ್ದೆ ಬರಲಿಲ್ಲ, ಸುಮ್ಮನೆ ಕೂತಿದ್ದೆ” ಎನ್ನುತ್ತಾರೆ. ಏನಾಗುತ್ತಿದೆ ಎಂದು ಕೇಳುವ ಬದಲು ಎಷ್ಟು ದಿಂಬು ಎಂದು ಕೇಳಿ, ನಿಜ ಹೊರಬೀಳುತ್ತದೆ.

ವೈದ್ಯರು ಬೇಡ ಎನ್ನದಿದ್ದರೆ ದಿನಾ ನಡೆಯಿರಿ. ಕೀಮೋ ನಡೆಯುವಾಗ ಮಂಚ ಬಿಟ್ಟು ಏಳಬಾರದು ಎಂಬ ಹಳೆಯ ಉಪಚಾರ ಹೃದಯಕ್ಕೂ ಒಳ್ಳೆಯದಲ್ಲ, ರಕ್ತ ಹೆಪ್ಪುಗಟ್ಟುವುದಕ್ಕೂ ದಾರಿ.

ಹೆಜ್ಜೆ 6: ಅಡುಗೆಮನೆಯಲ್ಲಿ ಮೂರು ವಿಷಯ

ಮೊದಲನೆಯದು ಉಪ್ಪು. ಕೀಮೋದಲ್ಲಿ ನಾಲಿಗೆ ಸತ್ತುಹೋಗುತ್ತದೆ, ಅನ್ನ ಸಪ್ಪೆ, ಸಾರು ಲೋಹದ ರುಚಿ. ಆಗ ಕೈ ಹೋಗುವುದು ಉಪ್ಪಿನಕಾಯಿ ಭರಣಿಗೆ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀಚಮಚದ ಒಳಗೆ ಉಪ್ಪು ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೃದಯ ಸೋತವರಿಗೆ ಉಪ್ಪಿನಕಾಯಿಯ ಒಂದೆರಡು ಹೋಳು ಕೂಡ ಭಾರ. ಆದರೆ ಏನೂ ತಿನ್ನದವರಿಗೆ ಉಪ್ಪನ್ನೂ ಕಸಿದುಕೊಂಡರೆ ಉಪವಾಸವೇ ಗತಿ. ಬಾಯಿಹುಣ್ಣು ಇಲ್ಲದಿದ್ದರೆ ನಿಂಬೆಹುಳಿ, ಹುರಿದ ಜೀರಿಗೆ, ಕೊತ್ತಂಬರಿ, ಶುಂಠಿ, ಕರಿಬೇವುಗಳಿಂದ ರುಚಿ ಏರಿಸಿ. ಇಎಫ್ ಸಹಜವಾಗಿದ್ದು, ಬಿಪಿ ಇಲ್ಲದವರು ಊಟ ಸೇರದ ನಾಲ್ಕು ದಿನ ಒಂದು ಹೋಳು ಉಪ್ಪಿನಕಾಯಿ ನಂಜಿಕೊಂಡರೆ ನಾನಂತೂ ತಡೆಯುವುದಿಲ್ಲ.

ಎರಡನೆಯದು ಚಕ್ಕೋತ. ಹಲವು ಔಷಧಿಗಳ ಜೊತೆಗಿನ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದಿರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಅದು ಅಷ್ಟಾಗಿ ಇಲ್ಲದ್ದರಿಂದ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಆ ಹಣ್ಣು ಚಕ್ಕೋತ ಮತ್ತು ಕಿತ್ತಳೆಯ ಸಂಕರದಿಂದ ಹುಟ್ಟಿದ್ದು. ದೇವನಹಳ್ಳಿಯ ಚಕ್ಕೋತವನ್ನು ಪ್ರೀತಿಯಿಂದ ಬಿಡಿಸಿ ತಿನ್ನುವ ನಮಗೆ ಆ ಎಚ್ಚರಿಕೆ ಅನ್ವಯಿಸುತ್ತದೆ. ಅಟೊರ್ವಾಸ್ಟಾಟಿನ್‌ನಂಥ ಕೊಲೆಸ್ಟ್ರಾಲ್ ಮಾತ್ರೆ, ನಿಲೊಟಿನಿಬ್, ಇಬ್ರುಟಿನಿಬ್‌ನಂಥ ಕ್ಯಾನ್ಸರ್ ಮಾತ್ರೆಗಳನ್ನು ಕರಗಿಸುವ ಕಿಣ್ವವನ್ನು ಇದು ತಡೆದು, ರಕ್ತದಲ್ಲಿ ಔಷಧಿಯ ಮಟ್ಟವನ್ನು ಏರಿಸಬಲ್ಲದು. ಚಿಕಿತ್ಸೆ ಮುಗಿಯುವವರೆಗೆ ಚಕ್ಕೋತ ಬಿಡಿ. ಬಾಳೆ, ಪಪ್ಪಾಯಿಗೆ ಈ ತಕರಾರಿಲ್ಲ.

ಮೂರನೆಯದು ಜ್ಯೇಷ್ಠಮಧು. ಗಂಟಲು, ಬಾಯಿಗೆ ರೇಡಿಯೇಶನ್ ಆದವರಿಗೆ ನೆಂಟರಿಷ್ಟರು ಮೊದಲು ಹೇಳುವ ಮದ್ದು ಇದು. ಹೆಚ್ಚು ದಿನ ತೆಗೆದುಕೊಂಡರೆ ಬಿಪಿ ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಬಡಿತದ ಲಯ ತಪ್ಪುತ್ತದೆ. ವಾಂತಿ ಭೇದಿಯಾಗುತ್ತಿರುವವರಲ್ಲಿ ಅದು ಮೊದಲೇ ಇಳಿದಿರುತ್ತದೆ. ನಾಟಿ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ಬೈಯುತ್ತಾರೆ ಎಂಬ ಭಯ ಇದ್ದರೆ ಬೈಸಿಕೊಳ್ಳಿ.

ಹೆಜ್ಜೆ 7: ಯಾವಾಗ 108ಕ್ಕೆ ಕರೆ ಮಾಡಬೇಕು

ಎದೆ ಬಿಗಿತ, ಅದು ತೋಳಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಕುಳಿತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಕೆಮ್ಮಿದಾಗ ರಕ್ತ, ಒಂದು ಬದಿಯ ಕೈಕಾಲು ಸೋಲುವುದು ಅಥವಾ ಮಾತು ತೊದಲುವುದು. ಹತ್ತಿರದ, ಹೃದಯ ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ. ಕೀಮೋ ನಡೆಯುತ್ತಿರುವ ಆಸ್ಪತ್ರೆಯೇ ಬೇಕೆಂದು ಮೂರು ತಾಸಿನ ದಾರಿ ಹಿಡಿಯಬೇಡಿ. ಹೋದ ತಕ್ಷಣ ಹೇಳಬೇಕಾದ ಮೊದಲ ಮಾತು: ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದೆ, ಕೊನೆಯ ಡೋಸ್ ಇಂಥ ದಿನ, ಔಷಧಿ ಇದು.

ಹೆಜ್ಜೆ 8: ಹೃದ್ರೋಗಿಗಳೂ ಕ್ಯಾನ್ಸರಿನ ಮೇಲೆ ಕಣ್ಣಿಡಿ

ದಾರಿ ಎರಡೂ ಕಡೆಗಿದೆ. ತಂಬಾಕು, ಮದ್ಯ, ಬೊಜ್ಜು, ಸಕ್ಕರೆ ಕಾಯಿಲೆ, ಕೂತಲ್ಲೇ ಕೂತ ಬದುಕು, ಇವು ಎರಡೂ ರೋಗಕ್ಕೆ ಸಮಾನ ಬೇರುಗಳು. ಅದಕ್ಕೂ ಆಳದಲ್ಲಿ ಉರಿಯೂತದ ನಂಟು ಇದೆಯೆಂಬ ಸಂಶಯಕ್ಕೆ 2017ರಲ್ಲಿ ಬಲ ಬಂತು. ಹಿಂದೆ ಹೃದಯಾಘಾತವಾಗಿದ್ದ 10,061 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಉರಿಯೂತ ತಗ್ಗಿಸುವ ಕೆನಾಕಿನುಮಾಬ್ ಹೃದಯದ ಅವಘಡಗಳನ್ನು ಕಡಿಮೆ ಮಾಡಿತು. ಜೊತೆಗೆ ಆ ಔಷಧಿ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರೂ ಕಡಿಮೆ ಕಂಡಿತು. ಆದರೆ ಅದೇ ಔಷಧಿಯನ್ನು ಶ್ವಾಸಕೋಶದ ಕ್ಯಾನ್ಸರ್ ಈಗಾಗಲೇ ಇದ್ದವರಿಗೆ ಕೊಟ್ಟು ನೋಡಿದಾಗ ನಿರೀಕ್ಷಿಸಿದ ಫಲ ಸಿಗಲಿಲ್ಲ. ನಂಟು ಇದೆ, ಅದನ್ನು ಕಡಿಯುವ ಮಾತ್ರೆ ಸದ್ಯಕ್ಕೆ ಇಲ್ಲ.

ಆದ್ದರಿಂದ ಮಾಡಬೇಕಾದದ್ದು ಸರಳ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಅಥವಾ ರಕ್ತ ತೆಳು ಮಾಡುವ ಬೇರೆ ಮಾತ್ರೆಯಲ್ಲಿರುವಾಗ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ “ಮಾತ್ರೆಯಿಂದ ಆಗಿದೆ” ಎಂದು ಕೈತೊಳೆದುಕೊಳ್ಳಬೇಡಿ. ಅಡಗಿದ್ದ ಕರುಳಿನ, ಮೂತ್ರಕೋಶದ ಗಡ್ಡೆಯನ್ನು ಮಾತ್ರೆ ಹೊರಗೆಳೆದು ತೋರಿಸಿರುವ ಸಾಧ್ಯತೆ ಇದೆ, ಪರೀಕ್ಷೆ ಮಾಡಿಸಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ, ಬಿಪಿ ಶುಗರ್ ತಪಾಸಣೆಯ ಜೊತೆಗೇ. ಗುಟ್ಕಾ, ಎಲೆಅಡಿಕೆ ಜೊತೆಗಿನ ತಂಬಾಕನ್ನು ಸ್ಟೆಂಟ್ ಬಿದ್ದ ಮೇಲೂ ಬಿಡದವರಿಗೆ ಬಾಯಿ ತೋರಿಸುವುದು ಐಚ್ಛಿಕವಲ್ಲ.

ಹೆಜ್ಜೆ 9: ಚಿಕಿತ್ಸೆ ಮುಗಿದ ವರ್ಷಗಳ ನಂತರ

ಕ್ಯಾನ್ಸರ್ ಗೆದ್ದವರ ಫೈಲು ಅಟ್ಟ ಸೇರುತ್ತದೆ. ಸೇರಿಸುವ ಮುನ್ನ ಒಂದು ಹಾಳೆ ಪ್ರತ್ಯೇಕ ಬರೆದಿಡಿ: ಯಾವ ಕ್ಯಾನ್ಸರ್, ಯಾವ ವರ್ಷ, ಔಷಧಿಗಳ ಹೆಸರು, ಕೆಂಪು ಕೀಮೋದ ಒಟ್ಟು ಪ್ರಮಾಣ, ರೇಡಿಯೇಶನ್ ಎಲ್ಲಿಗೆ ಎಷ್ಟು ಗ್ರೇ, ಮೊದಲ ಮತ್ತು ಕೊನೆಯ ಎಕೋದ ಇಎಫ್. ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಎದೆಗೆ ರೇಡಿಯೇಶನ್ ಆದವರು ಐದು ವರ್ಷ ಕಳೆದ ಮೇಲೆ ಹೃದಯದ ರಕ್ತನಾಳಗಳ ತಪಾಸಣೆ ಬಗ್ಗೆ ವೈದ್ಯರನ್ನು ಕೇಳಬೇಕು, ನಲವತ್ತರ ಹರೆಯದವರಾದರೂ ಸರಿ.

ಹೆಚ್ಚು ಮಾತಾಡಬೇಕಾದದ್ದು ಮಕ್ಕಳಾಗಿದ್ದಾಗ ಚಿಕಿತ್ಸೆ ಪಡೆದವರ ಬಗ್ಗೆ. ಎಳೆಯ ಹೃದಯ ಕೆಂಪು ಕೀಮೋದ ಪೆಟ್ಟನ್ನು ನುಂಗಿಕೊಂಡು, ಹತ್ತಿಪ್ಪತ್ತು ವರ್ಷ ಏನೂ ಆಗದಂತೆ ಕೆಲಸ ಮಾಡುತ್ತಿರಬಹುದು. ಚದರ ಮೀಟರಿಗೆ ಒಟ್ಟು 250 ಮಿಲಿಗ್ರಾಂ ಅಥವಾ ಹೆಚ್ಚು ಪಡೆದವರಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕಿಂತ ಕಡಿಮೆ ಆದರೆ 100 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಎಕೋ ಎಂಬುದು ಈಗಿನ ಅಂತರರಾಷ್ಟ್ರೀಯ ಸಲಹೆ. ಇದು ಜೀವನಪೂರ್ತಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಗಂಟು ಇದೆ. ನಾಲ್ಕನೆಯ ವಯಸ್ಸಿಗೆ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಆಗಿತ್ತು ಎಂಬುದನ್ನು ಮದುವೆಯ ಮಾತುಕತೆಯಲ್ಲಿ ಮನೆಯವರು ಮುಚ್ಚಿಡುತ್ತಾರೆ. ಅದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಮುಚ್ಚಿಟ್ಟ ಸಂಗತಿ ಹೆರಿಗೆ ವೈದ್ಯರಿಂದಲೂ ಮುಚ್ಚಿಹೋಗುತ್ತದೆ, ಏಕೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಗರ್ಭಿಣಿಯ ಹೃದಯ ಮಾಮೂಲಿಗಿಂತ ಅರ್ಧದಷ್ಟು ಹೆಚ್ಚು ರಕ್ತ ಪಂಪು ಮಾಡಬೇಕಾಗುತ್ತದೆ. ಅಲ್ಲಿಯವರೆಗೆ ಹೇಗೋ ನಿಭಾಯಿಸಿದ ಹೃದಯ ಆಗ ಸೋಲಬಹುದು, ಕಾಲಿನ ಬಾವು, ಏದುಸಿರನ್ನು ಬಸುರಿಯ ಸಹಜ ತೊಂದರೆ ಎಂದು ಎಲ್ಲರೂ ತಳ್ಳಿಹಾಕಬಹುದು. ಮಗುವಿನ ಯೋಚನೆ ಮಾಡುವ ಮೊದಲೇ ಒಂದು ಎಕೋ, ಗರ್ಭ ನಿಂತ ಮೇಲೆ ಮೊದಲ ಮೂರು ತಿಂಗಳಲ್ಲಿ ಇನ್ನೊಂದು. ವೈದ್ಯೆಯ ಬಳಿ ಒಬ್ಬಳೇ ಮಾತಾಡಬೇಕು ಎಂದು ಕೇಳುವ ಹಕ್ಕು ಆಕೆಗಿದೆ. ತವರಿನವರು ಆ ಒಂದು ಹಾಳೆಯನ್ನು ಮಗಳ ಕೈಗೇ ಕೊಟ್ಟಿರಬೇಕು.